ಎರಡು ನೊಗಗಳ ನಾಡು

ಪರತಂತ್ರದ ವಿರುದ್ಧ ಸೆಣಸಿದ ವೀರರಲ್ಲಿ ರಾಷ್ಟ್ರವೆಲ್ಲ ಬಲ್ಲವರು ಕೆಲವರು. ತಮ್ಮ ಸೀಮೆಯವರಷ್ಟೇ ಸ್ಮರಿಸುವವರು ಹಲವರು. ದೂರದ ಫಿಲಿಪ್ಪೀನ್ಸ್ ದ್ವೀಪಗಳಲ್ಲಿಯೂ ಹೀಗೆಯೇ. 1896ರಲ್ಲಿ ಸ್ಪೇನಿನವರ ಗುಂಡಿಗೆ ಬಲಿಯಾದ ರಿಸಾಲನನ್ನು ಜಗತ್ತು ಬಲ್ಲದು. ಪತಿ ಹತನಾದ ಬಳಿಕ ಹೋರಾಟದ ಭಾರ ಹೊತ್ತು 1763ರಲ್ಲಿ ಗಲ್ಲಿಗೇರಿದ ಗೇಬ್ರಿಯೇಲಾ ಸಿಲಾಂಗಳಾದರೋ ಇಲೋಕೋಸ್ ಸೀಮೆಯ ಮನೆಮಗಳು, ಕಿತ್ತೂರಿಗೆ ಚೆನ್ನಮ್ಮನಿದ್ದಂತೆ.

ಕಲಬುರಗಿಯ ಸೀಮೆಗೆ ಅಂಥ ಹೆಸರು ಸುರಪುರದ ರಾಜಾ ವೆಂಕಟಪ್ಪನಾಯಕನದು. 1857 ಎಂದೊಡನೆ ಕಲಬುರಗಿ, ಕಮಲಾಪುರಗಳ ವಿದ್ಯಾರ್ಥಿ ಮೀರತ್, ಝಾನ್ಸಿಗಳನ್ನು ಹೇಳುತ್ತಾನೆ. ಅದು ತಪ್ಪಲ್ಲ, ಆದರೆ ಸುರಪುರವನ್ನು ಹೇಳದಿರುವುದು ಲೋಪ. ಈ ಲೋಪಕ್ಕೆ ಒಂದು ಕಾರಣವೂ ಉಂಟು. ಇಲ್ಲಿಯ ಜನರ ಹೆಗಲ ಮೇಲಿದ್ದುದು ಒಂದು ನೊಗವಲ್ಲ, ಎರಡು. ಮೇಲೆ ಆಂಗ್ಲರು, ಅವರ ಆಶ್ರಯದಲ್ಲಿ ನಿಜಾಮರು. ಬ್ರಿಟಿಷ್ ಸೀಮೆಯ ಕಥೆಗೆಂದು ಹೊಲಿದ ಅಂಗಿ ಈ ಕಥೆಗೆ ಒಪ್ಪುವುದಿಲ್ಲ.

ಸುರಪುರವು ಈಗ ಯಾದಗಿರಿ ಜಿಲ್ಲೆಯಲ್ಲಿದೆ. ಆಂಗ್ಲರ ದಾಖಲೆಗಳಲ್ಲಿ ಅದು ‘ಶೋರಾಪುರ’. ಬೇಡ ಕುಲದ ಈ ಅರಸು ಎಳೆಯನಾಗಿರುವಾಗಲೇ ತಂದೆಯನ್ನು ಕಳೆದುಕೊಂಡನು. ಕಂಪನಿಯ ಅಧಿಕಾರಿ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬಾಲರಾಜನು ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಟೇಲರನು ಬೆಟ್ಟದ ಮೇಲೆ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಸುರಪುರದಲ್ಲಿದೆ.

1858ರ ಫೆಬ್ರವರಿಯಲ್ಲಿ ಕಂಪನಿಯ ಸೈನ್ಯ ಸುರಪುರವನ್ನು ಮುತ್ತಿತು. ನಾಯಕನ ಪಡೆ ಅದನ್ನು ಎದುರಿಸಿತು. ಕ್ಯಾಪ್ಟನ್ ನ್ಯೂಬೆರಿ ಕಾಳಗದಲ್ಲಿ ಮಡಿದನು. ಸೈನ್ಯಕ್ಕೆ ಬಲ ಒದಗಿದಾಗ ರಾಜನು ಹೈದರಾಬಾದಿಗೆ ಹೋದನು. ಆಶ್ರಯ ದೊರೆಯಲಿಲ್ಲ. ನಿಜಾಮನ ದಿವಾನ ಸಾಲಾರ್ ಜಂಗ್ ಆತನನ್ನು ಹಿಡಿಸಿ ಆಂಗ್ಲ ರೆಸಿಡೆಂಟನಿಗೆ ಒಪ್ಪಿಸಿದನು.

ಸೆರೆಯಲ್ಲಿದ್ದವನನ್ನು ಕಾಣಲು ಬಂದವನು ಅದೇ ಟೇಲರ್. ಒಳಸಂಚಿನ ಹಿಂದೆ ಇದ್ದವರಾರೆಂದು ಹೇಳಿದರೆ ಕ್ಷಮೆ ದೊರೆಯಬಹುದೆಂದು ಸೂಚಿಸಿದನು. ಯುವಕ ಒಪ್ಪಲಿಲ್ಲ. ನೇಣಿಗಿಂತ ತೋಪಿನ ಬಾಯಿಯೇ ಲೇಸೆಂಬುದು ಆತನ ಕೋರಿಕೆ. ಇದನ್ನು ಬರೆದಿಟ್ಟವನು ನಾಯಕನ ಆಸ್ಥಾನಕವಿಯಲ್ಲ, ಟೇಲರನೇ. ಎದುರಾಳಿಯ ಲೇಖನಿಯಿಂದ ಬಂದ ಈ ಮಾತಿಗೆ ಹೊಗಳುಭಟರ ಪದ್ಯಕ್ಕಿಂತ ತೂಕ ಹೆಚ್ಚು. ಮರಣದಂಡನೆಯನ್ನು ಇಳಿಸಿ ಕಾರಾಗೃಹಕ್ಕೆ ಒಯ್ಯುವಾಗ, 1858ರಲ್ಲಿಯೇ, ದಾರಿಯಲ್ಲಿ ಪಿಸ್ತೂಲಿನ ಗುಂಡು ತಗುಲಿ ರಾಜನು ಅಸುನೀಗಿದನು. ತಾನೇ ಹಾರಿಸಿಕೊಂಡನೆಂದು ಟೇಲರ್ ಬರೆದಿದ್ದಾನೆ. ಕೊಲೆಯೆಂದು ನಂಬುವವರೂ ಉಂಟು.

ಮುಂದಿನ ಸಂಗತಿಯೇ ಈ ಪಾಠದ ತಿರುಳು. 1860ರ ಒಪ್ಪಂದದಲ್ಲಿ ಆಂಗ್ಲರು ಸುರಪುರದ ಸೀಮೆಯನ್ನು ನಿಜಾಮನಿಗೆ ಕೊಟ್ಟರು. ಒಬ್ಬರೊಡನೆ ಹೋರಾಡಿ ಕಳೆದುಕೊಂಡ ನೆಲವು ಇನ್ನೊಬ್ಬರ ಪಾಲಿಗೆ ಬಹುಮಾನವಾಯಿತು. ಎಂಬತ್ತು ವರ್ಷಗಳ ತರುವಾಯ ನಿಜಾಮನ ಆಳ್ವಿಕೆಯ ವಿರುದ್ಧ ಎದ್ದ ಚಳವಳಿಯನ್ನು ಬೇರೆಯ ಕಥೆಯೆಂದು ಬೋಧಿಸುವ ರೂಢಿಯಿದೆ. ನೆಲದ ಲೆಕ್ಕದಲ್ಲಿ ನೋಡಿದರೆ ಅದು ಅದೇ ಕಥೆಯ ಉತ್ತರಾರ್ಧ.

ಆ ಉತ್ತರಾರ್ಧದ ನಾಯಕರು ಸ್ವಾಮಿ ರಾಮಾನಂದ ತೀರ್ಥರು. 1903ರಲ್ಲಿ ಸಿಂದಗಿಯಲ್ಲಿ ಜನಿಸಿ, ಶಿಕ್ಷಕರಾಗಿದ್ದು, ಸಂನ್ಯಾಸ ಸ್ವೀಕರಿಸಿದವರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಗಡಿ ಶಿಬಿರವನ್ನು ನಡೆಸಿದರು. ಸರದಾರ ಶರಣಗೌಡ ಇನಾಮದಾರರು ರಜಾಕಾರರ ವಿರುದ್ಧ ಸಶಸ್ತ್ರ ಪ್ರತಿರೋಧಕ್ಕೆ ನಿಂತರು. ಇದನ್ನು ಮತಗಳ ಜಗಳವೆಂದು ತಿಳಿಯುವವರು ಶೋಯೆಬುಲ್ಲಾ ಖಾನರನ್ನು ಮರೆತಿದ್ದಾರೆ. ಭಾರತದೊಡನೆ ವಿಲೀನವಾಗಬೇಕೆಂದು ತಮ್ಮ ಉರ್ದು ಪತ್ರಿಕೆ ‘ಇಮ್ರೋಜ್’ನಲ್ಲಿ ಬರೆದ ಆ ಸಂಪಾದಕರನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು.

ಕಲಬುರಗಿಯಿಂದ ಕಮಲಾಪುರದ ಮೂಲಕ ಹೋಗುವ ದಾರಿ ಹುಮನಾಬಾದಿನ ಬಳಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಕೂಡುತ್ತದೆ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಚೌಧುರಿಯವರ ಸೈನ್ಯ ಸೊಲ್ಲಾಪುರದ ಕಡೆಯಿಂದ ಹೊರಟು ಆ ಹೆದ್ದಾರಿಯಲ್ಲಿ ಸಾಗಿತು. 17ರಂದು ನಿಜಾಮನು ಶರಣಾದನು. ರಾಮಾನಂದ ತೀರ್ಥರು ಬಂಧಮುಕ್ತರಾದರು. ದೇಶಕ್ಕೆ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ಇಲ್ಲಿಗೆ ತಲುಪಿದ್ದು ಹದಿಮೂರು ತಿಂಗಳು ತಡವಾಗಿ. 1952ರ ಪ್ರಥಮ ಮಹಾಚುನಾವಣೆಯಲ್ಲಿ ಈ ಸಂನ್ಯಾಸಿಯನ್ನು ಲೋಕಸಭೆಗೆ ಕಳುಹಿಸಿದವರು ಕಲಬುರಗಿಯ ಮತದಾರರು.