ಜ್ವಾಲೆಯಿಲ್ಲದ ಒಲೆ: ಇಂಡಕ್ಷನ್ ಒಲೆಯ ಸುರಕ್ಷಿತ ಬಳಕೆ ಮತ್ತು ಪಾಲನೆ

ಮುಂಬಯಿ ಮಹಾನಗರದ ಹಳೆಯ ವಸತಿ ಪ್ರದೇಶಗಳಲ್ಲಿ ದಾದರ್ ಪ್ರಮುಖವಾದುದು. 1896ರ ಪ್ಲೇಗ್ ಹಾವಳಿಯ ತರುವಾಯ 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು ದಾದರ್ ಮತ್ತು ಮಾಟುಂಗಾ ಭಾಗಗಳಲ್ಲಿ ಯೋಜಿತ ಬಡಾವಣೆಗಳನ್ನು ರೂಪಿಸಿತು. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳು ಆ ಯೋಜನೆಯ ಫಲ. 1920ರ ದಶಕದಲ್ಲಿ ಸಮೀಪದ ನಾಯಗಾಂವಿನಲ್ಲಿ ಬಿ.ಡಿ.ಡಿ. ಚಾಳುಗಳು ನಿರ್ಮಾಣಗೊಂಡವು. ಉದ್ಯೋಗವನ್ನರಸಿ ಬಂದ ಕನ್ನಡ ಕುಟುಂಬಗಳೂ ಈ ಆಸುಪಾಸಿನಲ್ಲಿ ನೆಲೆಸಿದವು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದೆಯೇ ಆರಂಭವಾಯಿತೆಂಬುದು ಈ ನಂಟಿನ ಹಳಮೆಗೆ ಸಾಕ್ಷಿ.

ಇಂತಹ ಹಳೆಯ ಕಟ್ಟಡಗಳಿಗೆ ವಿದ್ಯುತ್ತನ್ನು ಅಳವಡಿಸಿದ ಕಾಲದಲ್ಲಿ ಮನೆಯ ಅಗತ್ಯವೆಂದರೆ ಕೆಲವು ದೀಪಗಳು, ಒಂದು ಫ್ಯಾನು, ಒಂದು ರೇಡಿಯೋ. ಇಂದು ಅದೇ ಮನೆಗಳಲ್ಲಿ ರೆಫ್ರಿಜರೇಟರ್, ಬಟ್ಟೆ ಒಗೆಯುವ ಯಂತ್ರ, ಹವಾನಿಯಂತ್ರಕಗಳೊಡನೆ ಇಂಡಕ್ಷನ್ ಒಲೆಯೂ ಸೇರಿದೆ. ವಿದ್ಯುತ್ ಅಡುಗೆಯನ್ನು ಪ್ರೋತ್ಸಾಹಿಸಲು ಕೇಂದ್ರ ಸರ್ಕಾರ 2021ರಲ್ಲಿ 'ಗೋ ಎಲೆಕ್ಟ್ರಿಕ್' ಪ್ರಚಾರಾಂದೋಲನವನ್ನು ಕೈಗೊಂಡಿತು. 2023ರಲ್ಲಿ ಎನರ್ಜಿ ಎಫಿಷಿಯೆನ್ಸಿ ಸರ್ವೀಸಸ್ ಲಿಮಿಟೆಡ್ ಸಂಸ್ಥೆಯು 20 ಲಕ್ಷ ಇಂಡಕ್ಷನ್ ಒಲೆಗಳನ್ನು ವಿತರಿಸುವ ಗುರಿಯುಳ್ಳ ಕಾರ್ಯಕ್ರಮವನ್ನು ಪ್ರಕಟಿಸಿತು.

ಹೊಗೆಯಿಲ್ಲ, ಮಸಿಯಿಲ್ಲ, ಉರಿಯಿಲ್ಲ ಎಂಬುದು ಈ ಒಲೆಯ ಹಿರಿಮೆ. ಆದರೆ ಉರಿ ಕಾಣದೆಂಬ ಮಾತ್ರಕ್ಕೆ ಅಪಾಯ ನೀಗಿತೆಂದು ಭಾವಿಸಲಾಗದು. ಒಲೆಯ ಮೇಲೆ ಕಣ್ಣಿಗೆ ಕಾಣುತ್ತಿದ್ದ ಬೆಂಕಿಯ ಭಯ ಈಗ ಗೋಡೆಯೊಳಗಿನ ತಂತಿಗೂ ಪ್ಲಗ್ಗಿನ ಹಿಂಬದಿಗೂ ಸರಿದಿರುತ್ತದೆ. ಆದ್ದರಿಂದ ಒಲೆಯ ಸುರಕ್ಷತೆಯ ಪಾಠ ಗೋಡೆಯಿಂದಲೇ ಆರಂಭವಾಗಬೇಕು.

ಒಲೆ ಕೆಲಸ ಮಾಡುವ ಬಗೆ

1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಈ ಒಲೆಯ ಮೂಲತತ್ತ್ವ. ನುಣುಪಾದ ಗಾಜಿನ ಫಲಕದ ಕೆಳಗೆ ತಾಮ್ರದ ತಂತಿಯ ಚಪ್ಪಟೆ ಸುರುಳಿಯಿರುತ್ತದೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಒಲೆಯೊಳಗಿನ ಎಲೆಕ್ಟ್ರಾನಿಕ್ ಸಾಧನವು ಅದನ್ನು ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ಆವರ್ತಿಸುವಂತೆ ಮಾರ್ಪಡಿಸಿ ಸುರುಳಿಗೆ ಹರಿಸುತ್ತದೆ. ಇದರಿಂದ ಉಂಟಾಗುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿಯಂತಹ ವಿದ್ಯುತ್ ಪ್ರವಾಹಗಳನ್ನು ಹುಟ್ಟಿಸುತ್ತದೆ. ಆ ಪ್ರವಾಹಗಳಿಂದ ಪಾತ್ರೆಯ ತಳವೇ ಬಿಸಿಯಾಗುತ್ತದೆ. ಗಾಜು ತಾನಾಗಿ ಕಾಯುವುದಿಲ್ಲ. ಕಾದ ಪಾತ್ರೆಯ ತಳದಿಂದ ಅದಕ್ಕೆ ಬಿಸಿ ತಗಲುತ್ತದೆ. ಹೀಗಾಗಿ ಪಾತ್ರೆಯನ್ನು ತೆಗೆದ ಮೇಲೂ ಫಲಕ ಕೆಲಕಾಲ ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಅದು ಕೆಂಪಗೆ ಕಾಣದಿರುವುದರಿಂದ ಮಕ್ಕಳು ಮುಟ್ಟುವ ಸಂಭವ ಹೆಚ್ಚು.

ಈ ಒಲೆಯಲ್ಲಿ ಶಕ್ತಿ ಸುತ್ತಲಿನ ಗಾಳಿಗೆ ಪೋಲಾಗುವುದು ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರನ್ನು ಕುದಿಸಲು 0.09 ಯೂನಿಟ್‌ನಷ್ಟು ಶಕ್ತಿ ಬೇಕು. ಒಲೆಯ ದಕ್ಷತೆ ಶೇಕಡ 85 ಎಂದು ಹಿಡಿದರೆ ಸುಮಾರು 0.10 ಯೂನಿಟ್ ಖರ್ಚಾಗುತ್ತದೆ. 1,800 ವಾಟ್‌ಗಳ ಒಲೆಯಲ್ಲಿ ಇದಕ್ಕೆ ಮೂರೂವರೆ ನಿಮಿಷ ಸಾಕು.

ಖರೀದಿಗೆ ಮುನ್ನ ಗೋಡೆಯ ಪರೀಕ್ಷೆ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಾಕೆಟ್ಟುಗಳಿರುತ್ತವೆ. ಚಿಕ್ಕದು 6 ಆಂಪಿಯರ್‌ನದು, ದೊಡ್ಡದು 16 ಆಂಪಿಯರ್‌ನದು. 230 ವೋಲ್ಟ್ ಒತ್ತಡದಲ್ಲಿ ಚಿಕ್ಕ ಸಾಕೆಟ್ಟು ಹೊರಬಲ್ಲ ಗರಿಷ್ಠ ಭಾರ 1,380 ವಾಟ್. ದೊಡ್ಡದರದು 3,680 ವಾಟ್. 1,800 ವಾಟ್‌ಗಳ ಒಲೆ ಸುಮಾರು 8 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ಆದಕಾರಣ ಅದನ್ನು 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಬೇಕು. ಪ್ಲಗ್ಗಿನ ಕಡ್ಡಿಗಳು ಹೊಂದುತ್ತಿಲ್ಲವೆಂದು ಅಡಾಪ್ಟರ್ ಸಿಕ್ಕಿಸಿ ಚಿಕ್ಕ ಸಾಕೆಟ್ಟಿನಲ್ಲಿ ಬಳಸುವುದು, ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಒಲೆ ನಡೆಸುವುದು, ಒಂದೇ ಸಾಕೆಟ್ಟಿನಲ್ಲಿ ಒಲೆಯನ್ನೂ ಮಿಕ್ಸರನ್ನೂ ಜೋಡಿಸುವುದು—ಇವು ಮೂರೂ ಅಪಾಯಕಾರಿ.

ಸಡಿಲವಾದ ಸಾಕೆಟ್ಟು ಎಷ್ಟು ಹಾನಿ ಮಾಡಬಲ್ಲದೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಪ್ಲಗ್ಗಿನ ಕಡ್ಡಿಗೂ ಸಾಕೆಟ್ಟಿನ ಹಿತ್ತಾಳೆಯ ಹಿಡಿಗೂ ನಡುವಿನ ಸಡಿಲಿಕೆಯಿಂದ ಅರ್ಧ ಓಮ್‌ನಷ್ಟು ರೋಧ ಉಂಟಾಯಿತೆನ್ನೋಣ. 8 ಆಂಪಿಯರ್ ಪ್ರವಾಹ ಹರಿದಾಗ ಆ ಸಣ್ಣ ಜಾಗದಲ್ಲಿ 32 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸವನ್ನು ಕರಗಿಸಲು ಬಳಸುವ ಬೆಸುಗೆ ಕಡ್ಡಿಯ ಸಾಮರ್ಥ್ಯವೂ ಹೆಚ್ಚುಕಡಿಮೆ ಇಷ್ಟೇ. ಪಕ್ಕದಲ್ಲಿ ಹಳೆಯ ಮರದ ಪಟ್ಟಿಯೋ ಒಣಗಿ ಸೀಳಿದ ರಬ್ಬರ್ ಹೊದಿಕೆಯ ತಂತಿಯೋ ಇದ್ದರೆ ಬೆಂಕಿ ಹತ್ತಲು ಮತ್ತೇನೂ ಬೇಕಾಗದು. ಇಂತಹ ಬೆಂಕಿ ಅಡುಗೆಮನೆಯಲ್ಲೇ ಹುಟ್ಟಬೇಕೆಂದಿಲ್ಲ. ಮೆಟ್ಟಿಲ ಕೆಳಗಿರುವ ಮೀಟರ್ ಪೆಟ್ಟಿಗೆಯ ಸಡಿಲ ಜೋಡಣೆಯಲ್ಲೂ ಹುಟ್ಟಬಹುದು. ಮರದ ಮೆಟ್ಟಿಲುಗಳುಳ್ಳ ಚಾಳಿನಲ್ಲಿ ಒಂದು ಮನೆಯ ಅಲಕ್ಷ್ಯವು ಎಲ್ಲ ಮಹಡಿಗಳ ನಿವಾಸಿಗಳ ನಿರ್ಗಮನದ ದಾರಿಯನ್ನೇ ಮುಚ್ಚಬಲ್ಲದು.

ಆದ್ದರಿಂದ ಒಲೆಯನ್ನು ಕೊಳ್ಳುವ ಮೊದಲು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದ ಮನೆಯ ತಂತಿಗಳನ್ನು ಪರೀಕ್ಷೆ ಮಾಡಿಸುವುದು ಅವಶ್ಯಕ. ಆತನಿಂದ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು ಇವು:

1. ಅಡುಗೆಮನೆಯ 16 ಆಂಪಿಯರ್ ಸಾಕೆಟ್ಟಿಗೆ ಪ್ರತ್ಯೇಕವಾದ ತಾಮ್ರದ ತಂತಿ ಬಂದಿರಬೇಕು. ಅದರ ಗಾತ್ರ ಸಾಮಾನ್ಯವಾಗಿ 2.5ರಿಂದ 4 ಚದರ ಮಿಲಿಮೀಟರ್ ಇರಬೇಕು.

2. ಅರ್ಥಿಂಗ್, ಅಂದರೆ ಭೂಸಂಪರ್ಕ, ನಿಜವಾಗಿಯೂ ಕೆಲಸ ಮಾಡುತ್ತಿರಬೇಕು. ಸಾಕೆಟ್ಟಿನಲ್ಲಿ ಮೂರನೆಯ ರಂಧ್ರವಿದ್ದೂ ಅದರ ಹಿಂದೆ ತಂತಿಯೇ ಇಲ್ಲದ ಮನೆಗಳುಂಟು.

3. ಅತಿಭಾರವನ್ನು ತಡೆಯುವ ಎಂ.ಸಿ.ಬಿ. ಮತ್ತು ಸೋರಿಕೆಯನ್ನು ಗ್ರಹಿಸುವ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಎರಡೂ ಇರಬೇಕು.

4. ಮನೆಗೆ ಮಂಜೂರಾದ ವಿದ್ಯುತ್ ಭಾರ ಹೊಸ ಉಪಕರಣಕ್ಕೆ ಸಾಕಾಗುವಂತಿರಬೇಕು. ಸಾಲದಿದ್ದರೆ ವಿದ್ಯುತ್ ಸರಬರಾಜು ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ದಾದರ್ ನಿವಾಸಿಗಳಿಗೆ ಆ ಸಂಸ್ಥೆ 'ಬೆಸ್ಟ್'.

ನಾಲ್ಕು ತಾಪನ ವಲಯಗಳೂ ಓವನ್ನೂ ಕೂಡಿದ ದೊಡ್ಡ ಇಂಡಕ್ಷನ್ ರೇಂಜ್ ಕುಕ್ಕರನ್ನು ಸಾಕೆಟ್ಟಿಗೆ ಜೋಡಿಸಲಾಗದು. 7,000 ವಾಟ್‌ಗಳ ಭಾರಕ್ಕೆ 30 ಆಂಪಿಯರ್‌ಗೂ ಮಿಕ್ಕ ಪ್ರವಾಹ ಬೇಕಾಗುವುದರಿಂದ ಮುಖ್ಯ ಫಲಕದಿಂದಲೇ ಸ್ವತಂತ್ರ ಮಾರ್ಗವನ್ನು ಎಳೆಸಬೇಕು.

ಪಾತ್ರೆಗಳ ಆಯ್ಕೆ

ಒಲೆಗೆ ಒಗ್ಗುವ ಪಾತ್ರೆ ಯಾವುದೆಂದು ತಿಳಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಅದು ಪಾತ್ರೆಯ ತಳಕ್ಕೆ ಬಲವಾಗಿ ಅಂಟಿದರೆ ಪಾತ್ರೆ ಯೋಗ್ಯ. ಊರಿನಿಂದ ತಂದ ಹಿತ್ತಾಳೆ, ಕಂಚು, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಾಗಲಿ ಮಣ್ಣಿನ ಗಡಿಗೆಯಾಗಲಿ ಇದರ ಮೇಲೆ ಕಾಯವು. ಸ್ಟೀಲ್ ಪಾತ್ರೆಗಳಲ್ಲೂ ಅಯಸ್ಕಾಂತಕ್ಕೆ ಅಂಟದವು ಅನೇಕ. ತಳ ಸಪಾಟಾಗಿರಬೇಕು. ತಳ ಉಬ್ಬಿದ ಪಾತ್ರೆಗೂ ಗಾಜಿಗೂ ನಡುವೆ ಸಂದು ಉಳಿದರೆ, ಗಾಜಿನ ಕೆಳಗಿನ ತಾಪಸೂಚಕ ಪಾತ್ರೆಯ ನಿಜವಾದ ಬಿಸಿಯನ್ನು ತಡವಾಗಿ ಅರಿಯುತ್ತದೆ.

ಎರಕದ ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿ ಕಾಯುತ್ತದೆ. ಆದರೆ ಅದನ್ನು ಗಾಜಿನ ಮೇಲೆ ಎಳೆದಾಡದೆ ಎತ್ತಿ ಇಡಬೇಕು. ಒಗ್ಗರಣೆ ಸೌಟು ತೀರ ಚಿಕ್ಕದಾದ್ದರಿಂದ ಒಲೆ ಅದನ್ನು ಗುರುತಿಸುವುದಿಲ್ಲ. ಒಗ್ಗರಣೆಗೆ ಸಪಾಟು ತಳದ ಪುಟ್ಟ ಬಾಣಲೆಯನ್ನು ಬಳಸುವುದು ಲೇಸು. ಹಪ್ಪಳವನ್ನಾಗಲಿ ಬದನೆಕಾಯಿಯನ್ನಾಗಲಿ ನೇರವಾಗಿ ಸುಡಲು ಈ ಒಲೆ ಸಲ್ಲದು. ಒಗ್ಗದ ಪಾತ್ರೆಗಳ ಕೆಳಗಿಡಲೆಂದು ಮಾರಾಟವಾಗುವ ಕಬ್ಬಿಣದ ಬಿಲ್ಲೆಗಳು ಅತಿಯಾಗಿ ಕಾಯುತ್ತವೆ. ಅವುಗಳಿಂದ ವಿದ್ಯುತ್ತೂ ವ್ಯರ್ಥ, ಗಾಜಿಗೂ ಹಾನಿ.

ಅಡುಗೆಯ ವೇಳೆಯಲ್ಲಿ

ಒಲೆಯನ್ನು ಗಟ್ಟಿಯಾದ, ಒಣಗಿದ, ಸಮತಟ್ಟಾದ ಕಲ್ಲುಹಾಸಿನ ಮೇಲೆ ಇಡಬೇಕು. ಸುತ್ತಲೂ ಹತ್ತು ಸೆಂಟಿಮೀಟರಿನಷ್ಟಾದರೂ ತೆರಪಿರಲಿ. ಕೆಳಗೆ ವೃತ್ತಪತ್ರಿಕೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದರೆ ಗಾಳಿಯಾಡುವ ಕಿಂಡಿ ಮುಚ್ಚಿ ಒಳಭಾಗಗಳು ಕಾದು ಕೆಡುತ್ತವೆ. ಅನಿಲ ಒಲೆಯ ಉರಿಗೆ ತಾಗುವಷ್ಟು ಹತ್ತಿರ ಇಡಬಾರದು. ಅನಿಲ ಸೋರಿದ ವಾಸನೆ ಬಂದಾಗ ಇಂಡಕ್ಷನ್ ಒಲೆಯ ಸ್ವಿಚ್ಚನ್ನೂ ಒಳಗೊಂಡಂತೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು.

ಚಮಚ, ಚಾಕು, ಪಾತ್ರೆಯ ಮುಚ್ಚಳಗಳನ್ನು ಫಲಕದ ಮೇಲೆ ಬಿಡಬಾರದು. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ಚನ್ನು ಆರಿಸದೆ, ಮೊದಲು ಒಲೆಯ ಗುಂಡಿಯನ್ನು ಒತ್ತಿ, ಒಳಗಿನ ಫ್ಯಾನು ನಿಂತ ಮೇಲೆ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಹೃದಯದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ನಡೆಯುತ್ತಿರುವ ಒಲೆಯಿಂದ ಎರಡು ಅಡಿ, ಅಂದರೆ 60 ಸೆಂಟಿಮೀಟರ್ ದೂರವಿರುವುದು ಕ್ಷೇಮ. ಈ ಬಗ್ಗೆ ವೈದ್ಯರ ಸಲಹೆಯನ್ನೂ ಪಡೆಯಬೇಕು.

ಎಣ್ಣೆ ಕಾಯಿಸುವಾಗ ವಿಶೇಷ ಎಚ್ಚರಿಕೆ ಬೇಕು. ತೆಳುವಾದ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಗರಿಷ್ಠ ಶಾಖದಲ್ಲಿಟ್ಟರೆ ಅದು ಅತಿ ಶೀಘ್ರವಾಗಿ ಹೊಗೆಯಾಡತೊಡಗುತ್ತದೆ. ಹೊಗೆಯ ಹಂತ ಮೀರಿ ಕಾದ ಎಣ್ಣೆ ಉರಿಯ ಸೋಂಕಿಲ್ಲದೆಯೂ ತಾನಾಗಿ ಹೊತ್ತಿಕೊಳ್ಳಬಲ್ಲದು. ಜ್ವಾಲೆಯಿಲ್ಲದ ಒಲೆಯ ಮೇಲೂ ಬೆಂಕಿ ಏಳುವುದು ಹೀಗೆ. ಕರಿಯುವ ಕೆಲಸವನ್ನು ಮಧ್ಯಮ ಶಾಖದಲ್ಲಿ ಮಾಡಬೇಕು. ಎಣ್ಣೆ ಒಲೆಯ ಮೇಲಿರುವಾಗ ಸ್ಥಳ ಬಿಟ್ಟು ಕದಲಬಾರದು.

ಮಳೆಗಾಲದ ಮುನ್ನೆಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ದಾದರ್ ಪೂರ್ವದ ಹಿಂದಮಾತಾದಂತಹ ತಗ್ಗು ಪ್ರದೇಶಗಳಲ್ಲಿ ನೀರು ನಿಲ್ಲುವುದು ನಗರವಾಸಿಗಳೆಲ್ಲರಿಗೂ ತಿಳಿದ ಸಂಗತಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಹಾನಗರವೇ ಸ್ತಬ್ಧವಾಗಿತ್ತು. ನೆಲಮಹಡಿಯ ಮನೆಗೆ ನೀರು ನುಗ್ಗುವ ಸೂಚನೆ ಕಂಡೊಡನೆ, ನೆಲ ಒಣಗಿರುವಾಗಲೇ ಮುಖ್ಯ ಸ್ವಿಚ್ಚನ್ನು ಆರಿಸಿ ಒಲೆಯನ್ನು ಎತ್ತರದಲ್ಲಿಡಬೇಕು. ನೀರಿನಲ್ಲಿ ನಿಂತು ಸ್ವಿಚ್ಚು ಮುಟ್ಟುವುದು ಪ್ರಾಣಾಂತಿಕ. ನೆನೆದ ಒಲೆಯನ್ನೂ ಸಾಕೆಟ್ಟನ್ನೂ ಬಿಸಿಲಿಗೆ ಒಣಗಿಸಿದ ಮಾತ್ರಕ್ಕೆ ಬಳಸಬಾರದು, ತಜ್ಞರ ಪರೀಕ್ಷೆಯಾಗಲೇಬೇಕು.

ಮುಂಬಯಿಯಲ್ಲಿ ವಿದ್ಯುತ್ ಕಡಿತ ವಿರಳ. ಆದರೂ 2020ರ ಅಕ್ಟೋಬರ್ 12ರಂದು ವಿದ್ಯುತ್ ಜಾಲದ ದೋಷದಿಂದ ನಗರದ ಬಹುಭಾಗಕ್ಕೆ ಪೂರೈಕೆ ನಿಂತುಹೋಗಿತ್ತು. ಶಿಶುಗಳು, ರೋಗಿಗಳು ಇರುವ ಮನೆಯಲ್ಲಿ ಬದಲಿ ಒಲೆಯೊಂದು ಇರುವುದು ವಿವೇಕ. ಪೂರೈಕೆ ನಿಂತಾಗ ಒಲೆಯ ಸ್ವಿಚ್ಚನ್ನು ಆರಿಸಿಡಬೇಕು.

ಶುಚಿತ್ವ ಮತ್ತು ಪಾಲನೆ

ಫಲಕ ಸಂಪೂರ್ಣ ತಣಿದ ಮೇಲೆ, ಪ್ಲಗ್ಗನ್ನು ಕಳಚಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಬೇಕು. ಜಿಡ್ಡಿದ್ದರೆ ಬಟ್ಟೆಗೆ ತುಸು ಸಾಬೂನು ನೀರು ಹಚ್ಚಿಕೊಳ್ಳಬಹುದು. ಒಲೆಯನ್ನು ನಲ್ಲಿಯ ಕೆಳಗೆ ತೊಳೆಯಲೇಬಾರದು. ಬೂದಿ, ಮರಳು, ಉಕ್ಕಿನ ನಾರು ಗಾಜನ್ನು ಗೀರುತ್ತವೆ. ಬೆಲ್ಲದ ಪಾಕ ಅಥವಾ ಪಾಯಸ ಚೆಲ್ಲಿದರೆ ತಡಮಾಡದೆ ಒಲೆ ಆರಿಸಿ, ದಪ್ಪ ಬಟ್ಟೆ ಹಿಡಿದು, ಬಿಸಿಯಿರುವಾಗಲೇ ಮರದ ಚಟ್ಟುಗದಿಂದ ಜಾಗರೂಕತೆಯಿಂದ ಸರಿಸಬೇಕು. ಸಕ್ಕರೆಯ ಅಂಶ ಆರಿ ಗಟ್ಟಿಯಾದರೆ ಗಾಜಿನ ಮೇಲ್ಮೈ ಕಿತ್ತುಬರಬಹುದು.

ಗಾಳಿಯ ಕಿಂಡಿಗಳ ಧೂಳನ್ನು ಒಣ ಕುಂಚದಿಂದ ಆಗಾಗ್ಗೆ ತೆಗೆಯಬೇಕು. ಬೆಚ್ಚಗಿನ ಒಳಭಾಗಕ್ಕೆ ಜಿರಲೆಗಳು ಸೇರುವುದುಂಟು. ಆದಕಾರಣ ರಾತ್ರಿ ಆಹಾರದ ತುಣುಕುಗಳನ್ನು ಉಳಿಸಬಾರದು. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಳಕೆ ನಿಲ್ಲಿಸಬೇಕು. ಬಿರುಕಿನ ಮೂಲಕ ಇಳಿದ ಗಂಜಿನೀರು ಒಳಗಿನ ವಿದ್ಯುತ್ ಭಾಗಗಳನ್ನು ತಲಪುತ್ತದೆ.

ಅವಘಡ ಸಂಭವಿಸಿದಲ್ಲಿ

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಸ್ವಿಚ್ಚು ಆರಿಸಿ, ಅಗಲವಾದ ಲೋಹದ ಮುಚ್ಚಳದಿಂದ ಬಾಣಲೆಯನ್ನು ಮುಚ್ಚಿ, ತಣಿಯುವ ತನಕ ತೆರೆಯಬಾರದು. ನೀರು ಸುರಿಯಲೇಬಾರದು. ನೀರು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಪ್ಲಗ್ಗು ಅಥವಾ ತಂತಿಯಲ್ಲಿ ಬೆಂಕಿ ಕಂಡರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಒಣಪುಡಿಯ ಅಗ್ನಿಶಾಮಕವನ್ನು ಬಳಸಬೇಕು. ಬೆಂಕಿ ಹತೋಟಿಗೆ ಬಾರದಿದ್ದರೆ ನೆರೆಯವರನ್ನು ಎಚ್ಚರಿಸಿ, ಹೊರಬಂದು, 101ಕ್ಕೆ ಕರೆ ಮಾಡಬೇಕು. ವಿದ್ಯುದಾಘಾತಕ್ಕೆ ಒಳಗಾದವರನ್ನು ವಿದ್ಯುತ್ ಸಂಪರ್ಕ ಕಡಿಯುವ ಮುನ್ನ ಮುಟ್ಟಬಾರದು. ಆಂಬುಲೆನ್ಸಿಗೆ 108ನ್ನು ಸಂಪರ್ಕಿಸಬೇಕು. ಸುಟ್ಟ ಜಾಗವನ್ನು 20 ನಿಮಿಷಗಳ ಕಾಲ ನಲ್ಲಿಯ ತಣ್ಣೀರಿಗೆ ಒಡ್ಡಬೇಕು. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟ್ ಹಚ್ಚಬಾರದು.

ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಒಲೆಗೆ 16 ಆಂಪಿಯರ್‌ನ ಪ್ರತ್ಯೇಕ ಸಾಕೆಟ್ಟಿದೆಯೇ?

2. ಭೂಸಂಪರ್ಕವನ್ನು ಪರೀಕ್ಷಿಸಲಾಗಿದೆಯೇ?

3. ಅರ್ಧ ಗಂಟೆ ಅಡುಗೆ ಮಾಡಿ ಒಲೆಯನ್ನು ಆರಿಸಿದ ಮೇಲೆ ಪ್ಲಗ್ಗಿನ ಹೊರಮೈ ತಣ್ಣಗಿದೆಯೇ?

4. ಮುಖ್ಯ ಸ್ವಿಚ್ಚು ಎಲ್ಲಿದೆಯೆಂದು ಮನೆಯ ಹಿರಿಯರಿಗೂ ಮಕ್ಕಳಿಗೂ ಗೊತ್ತಿದೆಯೇ?

5. ಮೆಟ್ಟಿಲು ಮತ್ತು ಮೀಟರ್ ಪೆಟ್ಟಿಗೆಯ ಮುಂದೆ ಸಾಮಾನುಗಳಿಲ್ಲದೆ ದಾರಿ ತೆರವಾಗಿದೆಯೇ?

ಈ ಐದರಲ್ಲಿ ಒಂದಕ್ಕೆ 'ಇಲ್ಲ' ಎಂಬ ಉತ್ತರ ಬಂದರೂ ಮೊದಲು ಅದನ್ನು ಸರಿಪಡಿಸಿ, ಆನಂತರವೇ ಒಲೆ ಹಚ್ಚಬೇಕು. ಐದನೆಯ ಪ್ರಶ್ನೆಗೆ ಉತ್ತರಿಸಲು ಒಂದು ಮನೆಯವರಿಂದ ಮಾತ್ರ ಸಾಧ್ಯವಿಲ್ಲ. ಕಟ್ಟಡದ ನಿವಾಸಿಗಳೆಲ್ಲರೂ ಒಟ್ಟುಗೂಡಿ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ, ಮೀಟರ್ ಪೆಟ್ಟಿಗೆಯಿಂದ ಅಡುಗೆಮನೆಯವರೆಗೆ ಪರೀಕ್ಷೆ ನಡೆಸುವ ಪದ್ಧತಿಯನ್ನು ರೂಢಿಸಿಕೊಳ್ಳುವುದು ಸರ್ವರಿಗೂ ಶ್ರೇಯಸ್ಕರ.