ಬಣ್ಣಕ್ಕೆ ನಿಧಾನ, ಹೆಣಿಗೆಗೆ ನಿತ್ಯ

ಕ್ರೋಶಾ ಹೆಣೆಯುವವರ ಮನೆಯ ಅಲ್ಮೇರಾದಲ್ಲಿ ಸಾಮಾನ್ಯವಾಗಿ ಎರಡು ಚೀಲ ಇರುತ್ತವೆ. ಒಂದರಲ್ಲಿ, ಅಂಗಡಿಯಲ್ಲಿ ಚಂದ ಕಂಡಿತೆಂದು ಕೊಂಡು ತಂದ ಉಲ್ಲನ್ ಉಂಡೆಗಳು. ಇನ್ನೊಂದರಲ್ಲಿ ಅರ್ಧಕ್ಕೆ ನಿಂತ ಹೊದಿಕೆ, ಒಂದೇ ತೋಳಿನ ಸ್ವೆಟರು, ಅಂಚು ಕಾಣದ ಮೇಜಿನ ಹಾಸು. ಬೇಸರ ಮಾಡಿಕೊಳ್ಳಬೇಡಿ, ಎರಡನೆಯ ಚೀಲ ತುಂಬುವುದಕ್ಕೆ ಮೊದಲನೆಯ ಚೀಲವೇ ಕಾರಣ. ಬಣ್ಣವನ್ನು ಐದು ನಿಮಿಷದಲ್ಲಿ ಆರಿಸಿಬಿಡುತ್ತೀರಿ, ಹೆಣಿಗೆಯನ್ನು ಐದು ತಿಂಗಳು ಎಳೆಯುತ್ತೀರಿ. ಅದು ತಿರುಗುಮುರುಗಾಗಬೇಕು. ಬಣ್ಣ ಆರಿಸುವಾಗ ಎಷ್ಟು ಬೇಕಾದರೂ ತಡಮಾಡಿ. ಕಡ್ಡಿ ಹಿಡಿದ ಮೇಲೆ ಮಾತ್ರ ದಿನವೂ ಸ್ವಲ್ಪ ಹೆಣೆಯಿರಿ.

ಮಾತು ಗಾಳಿಯಲ್ಲಿ ಹೋಗಬಾರದು, ಒಂದು ಕೆಲಸವನ್ನೇ ಎದುರಿಗಿಟ್ಟುಕೊಳ್ಳೋಣ. ಹತ್ತಿರದವರ ಮನೆಯಲ್ಲಿ ಮಗು ಹುಟ್ಟಲಿದೆ, ತೊಟ್ಟಿಲು ಶಾಸ್ತ್ರಕ್ಕೆ ನೀವೊಂದು ಹೊದಿಕೆ ಕೊಡಬೇಕು. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ಯಾರಾದರೂ ನಕ್ಕರೆ ನಗಲಿ ಬಿಡಿ. ಬೇರೆ ವಿಷಯಕ್ಕೆ ಆ ಗಾದೆ ಸರಿ, ಕ್ರೋಶಾಕ್ಕಲ್ಲ. ಕೂಸು ಹುಟ್ಟಿದ ಮೇಲೆ ಶುರುಮಾಡಿದ ಹೊದಿಕೆ ಮುಗಿಯುವ ಹೊತ್ತಿಗೆ ಕೂಸು ಅಂಗಳದಲ್ಲಿ ಓಡಾಡುತ್ತಿರುತ್ತದೆ. ಎರಡು ತಿಂಗಳು ಮೊದಲೇ ಕೈ ಹಚ್ಚಿ.

ಬಣ್ಣಕ್ಕಿಂತ ಮೊದಲು ನೂಲಿನ ಜಾತಿ ತೀರ್ಮಾನವಾಗಲಿ. ಕಲಬುರಗಿಯ, ರಾಯಚೂರಿನ ಬಿಸಿಲಿಗೆ ಹತ್ತಿ ನೂಲು ಹಿತ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಮೃದುವಾದ ಉಣ್ಣೆ ಇಲ್ಲವೇ ಅಕ್ರಿಲಿಕ್ ಆದೀತು. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ಕೇ. ಅದು ಅಗ್ಗ, ತೊಳೆಯಲು ಸುಲಭ, ಬಣ್ಣಗಳೂ ಹೇರಳ. ಆದರೆ ಅದು ಒಂದು ಬಗೆಯ ಪ್ಲಾಸ್ಟಿಕ್ ಎಂಬುದನ್ನು ಮರೆಯಬೇಡಿ. ಬಿಸಿ ಪಾತ್ರೆ ಇಳಿಸುವ ಬಟ್ಟೆಯನ್ನು ಎಂದೂ ಅದರಿಂದ ಹೆಣೆಯಬೇಡಿ, ಕರಗಿ ಕೈಗೆ ಅಂಟೀತು. ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನೂ ಇಡಬೇಡಿ. ಮನೆಯಲ್ಲಿ ಉಳಿದಿದೆಯೆಂದು ಹತ್ತಿಯನ್ನೂ ಉಣ್ಣೆಯನ್ನೂ ಒಂದೇ ಹೊದಿಕೆಗೆ ಸೇರಿಸುವವರಿದ್ದಾರೆ. ತೊಳೆದಾಗ ಉಣ್ಣೆ ಕುಗ್ಗುತ್ತದೆ, ಹತ್ತಿ ಜೋಲುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಅಂಚೆಲ್ಲ ಸೊಟ್ಟಗಾಗುತ್ತದೆ.

ಈಗ ಬಣ್ಣಕ್ಕೆ ಬನ್ನಿ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದಿದ್ದಾರೆ ಹಿರಿಯರು. ಹೊದಿಕೆ ಇರುವುದು ನಿಮ್ಮ ಮನೆಯಲ್ಲಲ್ಲ, ಆ ತಾಯಿಯ ಮನೆಯಲ್ಲಿ. ಆಕೆ ಉಡುವ ಬಣ್ಣಗಳನ್ನು, ಕೋಣೆಯ ಗೋಡೆಯನ್ನು, ಹಾಸಿಗೆಯ ಹೊದಿಕೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಸಂಕೋಚ ಬಿಟ್ಟು ಕೇಳಿಬಿಟ್ಟರೆ ಇನ್ನೂ ಒಳ್ಳೆಯದು. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಎಂದು ಹಟ ಹಿಡಿಯಬೇಡಿ. ಹಳದಿ, ಎಲೆಹಸಿರು, ಕೆನೆಬಣ್ಣ ಎಲ್ಲ ಮಕ್ಕಳಿಗೂ ಒಪ್ಪುತ್ತವೆ. ಮುಂದೆ ತಮ್ಮನೋ ತಂಗಿಯೋ ಬಂದಾಗಲೂ ಆ ಹೊದಿಕೆ ಉಪಯೋಗಕ್ಕೆ ಬರುತ್ತದೆ.

ಎಷ್ಟು ಬಣ್ಣ ಬೇಕು? ಕಲಿಯುವವರಿಗೆ ಮೂರು ಸಾಕು. ಒಂದು ನೆಲದ ಬಣ್ಣ, ಹೊದಿಕೆಯ ಅರ್ಧಕ್ಕಿಂತ ಹೆಚ್ಚು ಅದೇ ಇರಲಿ. ಎರಡನೆಯದು ಅದಕ್ಕೆ ಜೊತೆಯಾಗುವ ಬಣ್ಣ. ಮೂರನೆಯದು ಚುರುಕು ಬಣ್ಣ, ಅಲ್ಲಲ್ಲಿ ಇಣುಕಿದರೆ ಸಾಕು. ಮೂರನ್ನೂ ಸಮಪಾಲು ಹಾಕಿದಿರೋ, ಯಾವುದೂ ಎದ್ದು ಕಾಣುವುದಿಲ್ಲ. ಇದಕ್ಕೆ ಪುಸ್ತಕ ಓದಬೇಕಿಲ್ಲ, ಮನೆಯ ಸೀರೆಗಳನ್ನೇ ಬಿಡಿಸಿ ನೋಡಿ. ಇಳಕಲ್ ಸೀರೆಯಲ್ಲಿ ಒಡಲೆಲ್ಲ ಒಂದು ಗಾಢ ಬಣ್ಣ, ಸೆರಗಿಗೆ ಕೆಂಪಿನ ಜೊತೆ ಬಿಳಿ. ಧಾರವಾಡದ ಕಡೆಯ ಚಂದ್ರಕಾಳಿಯಲ್ಲಿ ಕಪ್ಪು ನೆಲದ ಮೇಲೆ ಕಸೂತಿಯ ಎಳೆಗಳು ಎಷ್ಟು ಮಿತವಾಗಿ, ಎಷ್ಟು ಸ್ಪಷ್ಟವಾಗಿ ಕಾಣುತ್ತವೆ ನೋಡಿ. ನೆಲ ವಿಶಾಲವಾಗಿ ಸುಮ್ಮನಿದ್ದಾಗಲೇ ಎಳೆ ಮಾತಾಡುವುದು.

ಪಕ್ಕದ ಬಣ್ಣ ಮಾಡುವ ಕೆಲಸವನ್ನು ಹಗುರವಾಗಿ ಎಣಿಸಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬ್ಲಾ ಚಿತ್ರಗಂಬಳಿ ಕಾರ್ಖಾನೆಯಲ್ಲಿ ಮಿಷೆಲ್ ಯೂಜೀನ್ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿ ಬಣ್ಣದ ವಿಭಾಗದ ಮುಖ್ಯಸ್ಥರಾಗಿದ್ದರು. ಕಪ್ಪು ನೂಲು ಮಂಕಾಗಿದೆ ಎಂದು ಅವರಿಗೆ ದೂರು ಬಂತು. ಪರೀಕ್ಷಿಸಿದರೆ ಕಪ್ಪಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದನ್ನು ನೀಲಿ, ನೇರಳೆಗಳ ಪಕ್ಕದಲ್ಲಿ ನೇಯ್ದದ್ದರಿಂದ ಹಾಗೆ ಕಾಣುತ್ತಿತ್ತು. ಈ ಅಧ್ಯಯನವನ್ನು ಬೆಳೆಸಿ 1839ರಲ್ಲಿ ಅವರು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರ ಕಷ್ಟದಿಂದ ನಾವು ಕಲಿಯಬೇಕಾದದ್ದು ಇಷ್ಟೇ: ಉಂಡೆಯನ್ನು ಒಂಟಿಯಾಗಿ ನೋಡಿ ಕೊಳ್ಳಬೇಡಿ. ಆರಿಸಿದ ಮೂರು ಬಣ್ಣಗಳ ಎಳೆಗಳನ್ನು ಒಂದು ರಟ್ಟಿನ ಚೂರಿಗೆ ಒತ್ತೊತ್ತಾಗಿ, ನೀವು ಹೆಣೆಯಲಿರುವ ಅಳತೆಯಲ್ಲೇ ಸುತ್ತಿ ನೋಡಿ. ಎರಡು ದಿನ ಅದು ಕಣ್ಣೆದುರಿಗಿರಲಿ. ಮೂರನೆಯ ದಿನವೂ ಹಿತವೆನಿಸಿದರೆ ದುಡ್ಡು ಬಿಚ್ಚಿ.

ಆ ರಟ್ಟನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಅಂಗಡಿಯ ದೀಪದ ಕೆಳಗೆ ಒಂದೇ ಎನಿಸಿದ ಎರಡು ಕೆಂಪು, ಮನೆಯ ಕಿಟಕಿಯ ಬಳಿ ಬೇರೆ ಬೇರೆಯಾಗುವುದುಂಟು. ಉಂಡೆ ಹಿಡಿದು ಅಂಗಡಿಯ ಬಾಗಿಲವರೆಗೆ ಬರಲು ನಾಚಿಕೆ ಬೇಡ, ಸೀರೆ ಕೊಳ್ಳುವಾಗ ಮಾಡುವುದಿಲ್ಲವೇ? ಇನ್ನೊಂದು ಉಪಾಯ: ರಟ್ಟಿನ ಫೋಟೋ ತೆಗೆದು ಮೊಬೈಲಿನಲ್ಲೇ ಕಪ್ಪುಬಿಳುಪಿಗೆ ತಿರುಗಿಸಿ. ಮೂರೂ ಒಂದೇ ಬೂದು ಬಣ್ಣವಾಗಿ ಕಂಡರೆ ಹೆಣಿಗೆಯ ವಿನ್ಯಾಸ ದೂರಕ್ಕೆ ಕಾಣುವುದಿಲ್ಲ. ಒಂದು ತಿಳಿ, ಒಂದು ನಡುವಿನದು, ಒಂದು ಗಾಢ ಇರುವ ಹಾಗೆ ಬದಲಿಸಿಕೊಳ್ಳಿ. ಉಂಡೆಯಲ್ಲೇ ಬಣ್ಣ ಬದಲಾಗುತ್ತ ಹೋಗುವ ನೂಲಿಗೆ ಎಲ್ಲರೂ ಮರುಳಾಗುತ್ತಾರೆ. ಅದಕ್ಕೆ ಸರಳ ಹೆಣಿಗೆಯೇ ಸರಿ. ಹೂಬಳ್ಳಿಯ ಸೂಕ್ಷ್ಮ ಕೆಲಸವನ್ನು ಅದರಲ್ಲಿ ಮಾಡಿದರೆ ಶ್ರಮವೆಲ್ಲ ಬಣ್ಣದಲ್ಲಿ ಮುಳುಗಿಹೋಗುತ್ತದೆ. ಹೊಸಬರು ಕಪ್ಪು, ಕಡುನೀಲಿಗಳಿಂದ ಶುರುಮಾಡಲೇಬಾರದು. ರಾತ್ರಿ ದೀಪದಲ್ಲಿ ಕಣ್ಣು ನೋಯುತ್ತದೆಯೇ ಹೊರತು ಕುಣಿಕೆ ಕಾಣುವುದಿಲ್ಲ.

ಕೊಳ್ಳುವಾಗ ಲೇಬಲ್ ಓದಿ. ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರೂ ಇರುತ್ತದೆ, ಅಂದರೆ ಯಾವ ಸಲದ ಅದ್ದಿಕೆ ಎಂಬ ಗುರುತು. ಬಣ್ಣ ಒಂದೇ ಆದರೂ ಲಾಟ್ ಬೇರೆಯಾದರೆ ಹೊದಿಕೆಯ ನಡುವೆ ಗೆರೆ ಎಳೆದ ಹಾಗೆ ವ್ಯತ್ಯಾಸ ಕಾಣುತ್ತದೆ. ‘ಈಗ ಎರಡು ಉಂಡೆ ಸಾಕು, ಮುಂದಿನ ತಿಂಗಳು ನೋಡೋಣ’ ಎಂಬ ಜಿಪುಣತನ ಇಲ್ಲಿ ಬೇಡ. ಅಂದಾಜು ಮಾಡುವುದು ಕಷ್ಟವಲ್ಲ. ಹೊದಿಕೆಯನ್ನು 25 ಚೌಕಗಳಾಗಿ ಹೆಣೆದು ಜೋಡಿಸುವುದಾದರೆ, ಒಂದು ಚೌಕ ಹೆಣೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 12 ಗ್ರಾಂ ಬಂದರೆ 25 ಚೌಕಕ್ಕೆ 300 ಗ್ರಾಂ. ಜೋಡಣೆಗೆ, ಅಂಚಿಗೆ, ಕೈತಪ್ಪಿಗೆ ಸೇರಿಸಿ 400 ಗ್ರಾಂ ತನ್ನಿ. ಕೆಂಪು, ಕಡುನೀಲಿ ಹತ್ತಿ ನೂಲಾದರೆ ಒಂದು ತುಂಡನ್ನು ಒದ್ದೆಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಬಿಳಿಯ ಪಕ್ಕ ಕೂರಿಸಬೇಡಿ.

ಇಷ್ಟಾದ ಮೇಲೆ ಕಡ್ಡಿ ಹಿಡಿಯಿರಿ. ಲೇಬಲ್ಲಿನಲ್ಲಿ ಹೇಳಿದ ಅಳತೆಯ ಕಡ್ಡಿಯಲ್ಲಿ 10 ಸೆಂಟಿಮೀಟರ್ ಉದ್ದಗಲದ ಮಾದರಿ ತುಂಡನ್ನು ಹೆಣೆದು, ತೊಳೆದು, ಒಣಗಿಸಿ, ಅಳೆದು ನೋಡಿ. ಬಿಗಿಯಾಗಿದ್ದರೆ ಕಡ್ಡಿ ಒಂದು ಅಳತೆ ದಪ್ಪವಿರಲಿ, ಸಡಿಲವಾಗಿದ್ದರೆ ಒಂದು ಅಳತೆ ಸಣ್ಣದು. ಈ ಒಂದು ಗಂಟೆಯನ್ನು ಉಳಿಸಲು ಹೋಗಿ ವಾರಗಟ್ಟಲೆ ಕೆಲಸ ಕಳೆದುಕೊಳ್ಳಬೇಡಿ. ಹೊರಗಿನ ವಿನ್ಯಾಸ ನೋಡಿ ಹೆಣೆಯುವುದಾದರೆ ಅದು ಅಮೆರಿಕದ್ದೋ ಬ್ರಿಟನ್ನಿನದೋ ಎಂದು ಮೊದಲು ಕೇಳಿಕೊಳ್ಳಿ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ. ಗೊತ್ತಿಲ್ಲದೆ ಹೊರಟರೆ ಅಳತೆಯೆಲ್ಲ ತಪ್ಪುತ್ತದೆ.

ಪ್ರತಿ ಸಾಲಿನ ಕೊನೆಗೆ ಎಣಿಸಿ. ಟಿವಿ ನೋಡುತ್ತ ಹೆಣೆಯಬೇಡಿ ಎಂದು ನಾನು ಹೇಳುವುದಿಲ್ಲ, ಎಣಿಸದೆ ಹೆಣೆಯಬೇಡಿ ಎನ್ನುತ್ತೇನೆ. ಆಯತವಾಗಬೇಕಾದ ಹೊದಿಕೆ ಮೇಲೇರುತ್ತ ಮೊನಚಾಗುತ್ತಿದ್ದರೆ, ತಿರುಗುವಾಗ ಹಾಕುವ ಚೈನಿನ ಕುಣಿಕೆಯನ್ನು ನೀವು ಪ್ರತಿ ಸಾಲಿಗೂ ಬಿಟ್ಟುಬಿಡುತ್ತಿದ್ದೀರಿ. ಸಾಲಿನ ಮೊದಲಿಗೂ ಕೊನೆಗೂ ಒಂದೊಂದು ಸೇಫ್ಟಿ ಪಿನ್ ಸಿಕ್ಕಿಸಿದರೆ ಈ ತೊಂದರೆ ಇಲ್ಲ. ತಪ್ಪು ಕಂಡ ಕೂಡಲೇ ಬಿಚ್ಚಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೂರನೆಯ ಸಾಲಿನ ತಪ್ಪನ್ನು ಮೂವತ್ತನೆಯ ಸಾಲಿನಲ್ಲಿ ಸರಿಮಾಡಲಾಗದು. ಕ್ರೋಶಾದಲ್ಲಿ ಬಿಚ್ಚುವುದಕ್ಕೆ ಹೆದರಿಕೆಯೂ ಇಲ್ಲ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲುಗಟ್ಟಲೆ ಕುಣಿಕೆಗಳು ಜಾರುತ್ತವೆ, ಇಲ್ಲಿ ಕಡ್ಡಿಯ ಮೇಲಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಎಳೆಯಿರಿ, ಬೇಕಾದಲ್ಲಿ ನಿಲ್ಲಿಸಿ, ಮತ್ತೆ ಹಿಡಿಯಿರಿ.

ಕೆಲಸ ಮುಂದೆ ಸಾಗಬೇಕಾದರೆ ಅದನ್ನು ತುಂಡುಮಾಡಿಕೊಳ್ಳಿ. 75 ಸೆಂಟಿಮೀಟರ್ ಉದ್ದಗಲದ ಹೊದಿಕೆ ಎಂದರೆ 15 ಸೆಂಟಿಮೀಟರಿನ 25 ಚೌಕ. ದಿನಕ್ಕೊಂದು ಚೌಕ ಹೆಣೆದರೂ ತಿಂಗಳೊಳಗೆ ಚೌಕಗಳು ಸಿದ್ಧ, ಜೋಡಣೆಗೂ ಅಂಚಿಗೂ ಇನ್ನೊಂದು ವಾರ. ಹನಿ ಹನಿ ಕೂಡಿದರೆ ಹಳ್ಳ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ಹೆಣ್ಣುಮಕ್ಕಳು ಸೇರಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅದನ್ನೂ ಒಬ್ಬೊಬ್ಬರು ತಮ್ಮ ಮನೆಯಲ್ಲಿ ಕೂತು ತುಂಡು ತುಂಡಾಗಿಯೇ ಹೆಣೆದದ್ದು. ಅವರಿಗೆ ಸಾಧ್ಯವಾದದ್ದು ಒಂದು ತೊಟ್ಟಿಲಿನ ಅಳತೆಗೆ ನಿಮಗೆ ಸಾಧ್ಯವಾಗದೇ?

ಪ್ರತಿ ಚೌಕ ಮುಗಿದಾಗ ಅದರ ನೂಲಿನ ತುದಿಯನ್ನು ಅಂದೇ ಸೂಜಿಯಲ್ಲಿ ಒಳಗೆ ಸೇರಿಸಿಬಿಡಿ. ತುದಿ 15 ಸೆಂಟಿಮೀಟರಿನಷ್ಟಾದರೂ ಉದ್ದವಿರಲಿ, ತೀರಾ ಗಿಡ್ಡ ಕತ್ತರಿಸಿದರೆ ತೊಳೆದಾಗ ಬಿಚ್ಚಿಕೊಳ್ಳುತ್ತದೆ. ‘ಕೊನೆಗೆ ಒಟ್ಟಿಗೆ ಮಾಡೋಣ’ ಎಂದು ಮುಂದೂಡುತ್ತೀರಲ್ಲ, ಅಲ್ಲೇ ಅರ್ಧದಷ್ಟು ಹೊದಿಕೆಗಳು ನಿಂತುಹೋಗುವುದು. ನೂರು ತುದಿ ನೇತಾಡುವುದನ್ನು ಕಂಡರೆ ಯಾರಿಗೆ ತಾನೇ ಕೂರಲು ಮನಸ್ಸಾದೀತು? ಜೋಡಿಸುವ ಮೊದಲು ಎಲ್ಲ ಚೌಕಗಳನ್ನೂ ನೆಲದ ಮೇಲೆ ಹಾಸಿ, ಎದ್ದು ನಿಂತು ನೋಡಿ. ಚುರುಕು ಬಣ್ಣ ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ಆಗಲೇ ಸ್ಥಳ ಬದಲಿಸಿ. ಹಸುಗೂಸಿಗಾದ್ದರಿಂದ ಬೆರಳು ಸಿಕ್ಕಿಕೊಳ್ಳುವಂಥ ದೊಡ್ಡ ತೂತುಗಳಿರದ ಹೆಣಿಗೆಯೇ ಇರಲಿ. ಮಣಿ, ಗುಂಡಿಗಳನ್ನು ಹೊಲಿಯಲೇಬೇಡಿ. ಮಲಗಿದ ಕೂಸಿನ ಮುಖದ ಹತ್ತಿರ ಹೊದಿಕೆ ಸಡಿಲವಾಗಿ ಬಿದ್ದಿರಬಾರದೆಂದು ತಾಯಿಗೂ ಹೇಳಿ ಕೊಡಿ.

ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು, ಮಣಿಕಟ್ಟು ಸಡಿಲಿಸಿ, ದೂರದ್ದನ್ನೇನಾದರೂ ನೋಡಿ. ಕೈ ನೋಯುತ್ತಿದ್ದರೂ ‘ಇನ್ನೊಂದು ಸಾಲು’ ಎನ್ನುವ ಹಟ ಬೇಡ. ಎರಡು ದಿನ ಬಿಟ್ಟರೆ ಹೊದಿಕೆ ಎಲ್ಲಿಗೂ ಓಡುವುದಿಲ್ಲ, ಮಣಿಕಟ್ಟು ಕೆಟ್ಟರೆ ಅಡುಗೆಯಿಂದ ಹಿಡಿದು ಎಲ್ಲ ನಿಲ್ಲುತ್ತದೆ. ತೊಳೆಯುವ ವಿಷಯದಲ್ಲೂ ಅವಸರ ಸಲ್ಲದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಿಂಗಳುಗಟ್ಟಲೆ ಹೆಣೆದದ್ದನ್ನು ವಾಷಿಂಗ್ ಮೆಷಿನ್ನಿಗೆ ಜೀನ್ಸ್ ಜೊತೆ ತುರುಕಬೇಡಿ. ತಣ್ಣೀರು, ಸೌಮ್ಯ ಸೋಪು ಸಾಕು. ಹಿಂಡುವ ಬದಲು ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆಯ ಮೇಲೆ ಹರಡಿ. ತಂತಿಗೆ ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತು ಅಳತೆ ಕೆಡುತ್ತದೆ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಉಡುಗೊರೆಯ ಜೊತೆಗಿಡಿ. ಪಡೆದವರಿಗೆ ಇದು ಗೊತ್ತಿರಬೇಕೆಂದೇನಿಲ್ಲ.

ಇನ್ನು ಉಳಿದದ್ದು ಆ ಎರಡನೆಯ ಚೀಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದಿದ್ದಾರೆ. ಈ ಭಾನುವಾರ ಅದನ್ನು ನೆಲಕ್ಕೆ ಸುರಿದು ಮೂರು ಪಾಲು ಮಾಡಿ. ವಾರದಲ್ಲಿ ಮುಗಿಯುವಂಥದ್ದನ್ನು ಮೊದಲು ಮುಗಿಸಿ. ಇನ್ನು ಮನಸ್ಸಿಲ್ಲ ಎನಿಸಿದ್ದನ್ನು ಬಿಚ್ಚಿ, ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ತೊಳೆದು ಒಣಗಿಸಿ. ಸುಕ್ಕು ಹೋಗಿ ನೂಲು ಮತ್ತೆ ಕೆಲಸಕ್ಕೆ ಬರುತ್ತದೆ. ಇಷ್ಟವಿದ್ದರೂ ಬಹಳ ಕೆಲಸ ಬಾಕಿಯಿರುವುದರಲ್ಲಿ ಒಂದನ್ನು ಮಾತ್ರ ಕೈಗೆತ್ತಿಕೊಂಡು ಉಳಿದವನ್ನು ಕಟ್ಟಿಡಿ. ಅದು ಮುಗಿಯುವವರೆಗೆ ಹೊಸ ಉಂಡೆ ಕೊಳ್ಳುವುದಿಲ್ಲ ಎಂದು ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ಮುಗಿದ ಒಂದು ಹೊದಿಕೆ ಕೊಡುವ ಧೈರ್ಯವನ್ನು ಅಲ್ಮೇರಾ ತುಂಬ ಇರುವ ಉಲ್ಲನ್ ಕೊಡಲಾರದು. ಆ ಧೈರ್ಯ ಒಮ್ಮೆ ಬಂದರೆ ಮುಂದಿನದಕ್ಕೆ ನಾಲ್ಕನೆಯ ಬಣ್ಣವನ್ನೂ ಸೇರಿಸಿ, ನಾನು ಬೇಡವೆನ್ನುವುದಿಲ್ಲ.