ನಡೆಯದ ನಾಣ್ಯ ನಿಮ್ಮ ಮನೆಯಲ್ಲಿದೆಯೇ? ಹೀಗೆ ಮಾಡಿ

ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿಯ ಅಡಿಕೆ ಬೆಳೆಗಾರರ ಮನೆಯಿರಲಿ, ಜಗಳೂರಿನ ಬೆದ್ದಲು ಹೊಲದವರ ಮನೆಯಿರಲಿ, ದೇವರ ಕೋಣೆಯ ಡಬ್ಬಿ ತೆಗೆದರೆ ತಳದಲ್ಲಿ ಹಳೆಯ ಚಿಲ್ಲರೆ ಇದ್ದೇ ಇರುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳೂ 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು. ಅವುಗಳ ಬಗ್ಗೆ ಇಂದು ಎರಡು ಮಾತು ಓಡಾಡುತ್ತಿವೆ. ಒಂದು, ಕಸ, ಬಿಸಾಡಿ. ಇನ್ನೊಂದು, ಲಕ್ಷ ಲಕ್ಷ ಬರುತ್ತದೆ, ಕಾಯ್ದಿಡಿ. ಎರಡೂ ಸುಳ್ಳು. ಎರಡನೆಯದು ಮಾತ್ರ ಮನೆ ಮುಳುಗಿಸುವ ಸುಳ್ಳು.

1. ಮೊದಲು ಮೂರು ಗುಡ್ಡೆ ಮಾಡಿ

ಚಾಪೆಯ ಮೇಲೆ ಸುರುವಿ ಬೇರ್ಪಡಿಸಿ. 1957ಕ್ಕಿಂತ ಹಿಂದಿನ ಆಣೆ, ಕಾಸು, ಬೆಳ್ಳಿ ರೂಪಾಯಿಗಳು ಒಂದು ಕಡೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದ ಮೇಲಿನ 1, 2, 3, 5, 10, 20, 25 ಪೈಸೆಗಳು ಇನ್ನೊಂದು ಕಡೆ. ಇಂದಿಗೂ ನಡೆಯುವಂಥವು ಮೂರನೆಯ ಕಡೆ. 50 ಪೈಸೆ ಈ ಮೂರನೆಯ ಗುಡ್ಡೆಗೆ ಸೇರಬೇಕು. ಅಂಗಡಿಯವರು ಎಂಟಾಣೆ ಮುಟ್ಟುವುದಿಲ್ಲ, ನಿಜ. ಆದರೆ ಸರ್ಕಾರ ಅದನ್ನು ಹಿಂಪಡೆದಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿವರೆಗಿನ ಮೊತ್ತವನ್ನು ಎಂಟಾಣೆಯಲ್ಲೇ ಕೊಡಬಹುದು.

2. ಬದುಕಿರುವ ನಾಣ್ಯಕ್ಕೆ ತಿಥಿ ಮಾಡಬೇಡಿ

ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಪುಕಾರನ್ನು ಸಂತೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಕೇಳಿದ್ದೇವೆ. ಬೇರೆ ಬೇರೆ ವರ್ಷ ಬಂದ 14 ವಿನ್ಯಾಸಗಳೂ ಮಾನ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿದೆ. 14440ಕ್ಕೆ ಕರೆ ಮಾಡಿದರೆ ಅದನ್ನೇ ಹೇಳಲು ವ್ಯವಸ್ಥೆಯನ್ನೂ ಮಾಡಿತ್ತು. ಈ ಗಾಳಿಮಾತಿನ ಪೆಟ್ಟು ಬೀಳುವುದು ಸೊಪ್ಪು ಮಾರುವ ಅಜ್ಜಿಗೆ. ನೀವಾದರೂ ತೆಗೆದುಕೊಳ್ಳಿ.

3. ಪೈಸೆ ಹಿಡಿದು ಬ್ಯಾಂಕಿಗೆ ಅಲೆಯಬೇಡಿ

ಬದಲಾಯಿಸಿಕೊಳ್ಳುವ ಗಡುವು 2011ರ ಜೂನ್ 29ಕ್ಕೇ ಮುಗಿಯಿತು. ಇಂದು ನಾಲ್ಕಾಣೆಗೆ ಯಾವ ಬ್ಯಾಂಕೂ ನಾಲ್ಕಾಣೆ ಕೊಡುವುದಿಲ್ಲ. ಗುಜರಿಗೂ ಹಾಕಬೇಡಿ: ನಾಣ್ಯ ಕರಗಿಸುವುದು ಅಪರಾಧ, ಅದೇ 2011ರ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ಹಾಗಾದರೆ ಏನು ಮಾಡಬೇಕು? ಊರಿನ ಶಾಲೆಗೆ ಕೊಡಿ. ಚೌಕಾಕಾರದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ, ಖಡ್ಗಮೃಗದ ನಾಲ್ಕಾಣೆ. ಓದು ಬಾರದವರೂ ಬೆರಳಿನಿಂದ ಮುಟ್ಟಿಯೇ ಲೆಕ್ಕ ಹೇಳುತ್ತಿದ್ದ ಕಾಲ ಇವುಗಳಲ್ಲಿದೆ. ರೂಪಾಯಿಗೆ 16 ಆಣೆ, ಆಣೆಗೆ 4 ಹಳೆಯ ಪೈಸೆ, 12 ಪೈ ಎಂಬುದನ್ನು ಕೈಯಲ್ಲಿ ನಾಣ್ಯ ಹಿಡಿದು ಕಲಿತ ಮಗು ಮರೆಯುವುದಿಲ್ಲ. ‘ಹದಿನಾರಾಣೆ ಸತ್ಯ’ ಎಂದು ತಾತ ಏಕೆ ಹೇಳುತ್ತಾರೆ ಎಂಬುದೂ ಅದಕ್ಕೆ ತಿಳಿಯುತ್ತದೆ.

4. ಬೆಳ್ಳಿ ರೂಪಾಯಿಯನ್ನು ತೂಕ ಹಾಕದೆ ಮಾರಬೇಡಿ

ನಿಜವಾದ ಬೆಲೆ ಇರುವುದು ಇಲ್ಲಿ. ಮೈಸೂರು ಸಂಸ್ಥಾನಕ್ಕಾಗಿ ನಾಣ್ಯ ಒತ್ತುತ್ತಿದ್ದ ಬೆಂಗಳೂರಿನ ಟಂಕಸಾಲೆ 1843ರಲ್ಲಿ ಮುಚ್ಚಿತು. ಆಮೇಲೆ ನಮ್ಮ ಸೀಮೆಯಲ್ಲಿ ಓಡಿದ್ದೆಲ್ಲ ಬ್ರಿಟಿಷರ ನಾಣ್ಯ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಇಂದಿಗೂ ವಿಕ್ಟೋರಿಯಾ ರಾಣಿ ಕೂತಿರುವುದು ಅದಕ್ಕೇ.

ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ ತೂಗಬೇಕು. ಅದು ಸರಿಯಾಗಿ ಒಂದು ತೊಲ. ಅದರಲ್ಲಿ ಶೇ 91.7ರಷ್ಟು, ಎಂದರೆ ಸುಮಾರು 10.7 ಗ್ರಾಂ, ಶುದ್ಧ ಬೆಳ್ಳಿ. ಯುದ್ಧ ಬಂದು ಬೆಳ್ಳಿಗೆ ಬರ ಬಿದ್ದಾಗ, 1940ರಿಂದ 1945ರವರೆಗೆ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿ ರೂಪಾಯಿ ಬರೀ ನಿಕ್ಕೆಲ್. ಮ್ಯಾಗ್ನೆಟ್ ಹಿಡಿಯಿರಿ, ನಿಕ್ಕೆಲ್ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ. ಆ ದಿನದ ಬೆಳ್ಳಿ ದರದಲ್ಲಿ ನೀವೇ ಗುಣಿಸಿ ನೋಡಿ. ಆ ಮೊತ್ತಕ್ಕಿಂತ ಕಡಿಮೆಗೆ ಯಾರಾದರೂ ಕೇಳಿದರೆ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಎದ್ದು ಬನ್ನಿ.

ಇಸವಿಯನ್ನೂ ನೋಡಿ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಂಡು ಜನ ಕೆರಳಿದರು. ಸರ್ಕಾರ ಅದನ್ನು ಹಿಂಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಒತ್ತಿತು. ಹಾಗಾಗಿ 1911ರದು ಸಂಗ್ರಾಹಕರಿಗೆ ಬೇಕಾದ ನಾಣ್ಯ. 1939ರದು ಇನ್ನೂ ಅಪರೂಪ. ಅದಕ್ಕೇ ಅದರ ನಕಲಿಗಳೂ ಹೆಚ್ಚು, ಬಲ್ಲವರಿಗೆ ತೋರಿಸದೆ ಹಿಗ್ಗಬೇಡಿ.

5. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ

ಹಬ್ಬದ ತಂಬಿಗೆಗೆ ಸರಿ, ನಾಣ್ಯಕ್ಕೆ ಬೇಡ. ಉಜ್ಜಿದ ನಾಣ್ಯದ ಮೇಲ್ಮೈ ಗೀಚಿಹೋಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಹೋದ ಕಪ್ಪು ಬಣ್ಣ ಮರಳಿ ಬರುವುದಿಲ್ಲ. ಅಂಚಿನಲ್ಲಿ ಹಿಡಿದು, ಒಣ ಕಾಗದದ ಲಕೋಟೆಯಲ್ಲಿ ಒಂದೊಂದೇ ಇಡಿ.

6. ಇಸವಿಯ ಕೆಳಗಿನ ಗುರುತು ನೋಡಿ

ಮಕ್ಕಳಿಗೆ ನಾಣ್ಯಸಂಗ್ರಹದ ಹುಚ್ಚು ಹಿಡಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ವರ್ಷದ ನಾಲ್ಕಾಣೆಯನ್ನು ಬೇರೆ ಬೇರೆ ಟಂಕಸಾಲೆಗಳಿಂದ ಕೂಡಿಸಲು ಹೇಳಿ, ರಜೆಯೆಲ್ಲ ಹುಡುಕುತ್ತಾರೆ.

7. ‘ಲಕ್ಷ ಕೊಡುತ್ತೇವೆ’ ಎಂದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ

ವೈಷ್ಣೋದೇವಿ ಚಿತ್ರದ ನಾಣ್ಯ, ಖಡ್ಗಮೃಗದ ನಾಲ್ಕಾಣೆ, 786 ಸಂಖ್ಯೆಯ ನೋಟು ಎಂದು ಮೊಬೈಲಿನಲ್ಲಿ ಆಸೆ ಹುಟ್ಟಿಸುತ್ತಾರೆ. ಫೋಟೋ ಕಳಿಸಿದ ಕೂಡಲೇ ನಿಮ್ಮ ನಾಣ್ಯ ಆಯ್ಕೆಯಾಗಿದೆ ಎನ್ನುತ್ತಾರೆ. ಮುಂದೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್. ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಪತ್ರವೂ ಬರುತ್ತದೆ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ನಾಣ್ಯ ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಕೇಳಬಾರದು. ಕಳೆದುಕೊಂಡಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ರಾಮ–ಸೀತೆ ಚಿತ್ರದ, 1818 ಎಂದು ಬರೆದ ಈಸ್ಟ್ ಇಂಡಿಯಾ ಕಂಪನಿ ‘ನಾಣ್ಯ’ವೂ ಕಂಪನಿಯದಲ್ಲ, ಅದು ಬರೀ ಬಿಲ್ಲೆ. ಅದು ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ ಎಂಬುದಂತೂ ಶುದ್ಧ ಮೋಸ.

8. ಪಾಯ ತೋಡುವಾಗ ಸಿಕ್ಕ ಬಂಗಾರವನ್ನು ಕೊಳ್ಳಬೇಡಿ

ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇದು ನಮ್ಮ ದಾವಣಗೆರೆ ಜಿಲ್ಲೆಯ ಪೊಲೀಸ್ ಠಾಣೆಗಳಲ್ಲಿ ಮತ್ತೆ ಮತ್ತೆ ದಾಖಲಾಗುವ ವಂಚನೆ. ದೂರದ ಊರಿನವರಿಗೆ ಫೋನ್ ಬರುತ್ತದೆ: ‘ಅಣ್ಣಾ, ಮನೆ ಪಾಯ ತೋಡುವಾಗ ಚಿನ್ನದ ನಾಣ್ಯ ಸಿಕ್ಕಿವೆ, ನಾವು ಬಡವರು, ನಮಗೆ ಮಾರುವ ದಾರಿ ಗೊತ್ತಿಲ್ಲ.’ ಕರೆಸಿಕೊಂಡು ಒಂದೆರಡು ಅಸಲಿ ನಾಣ್ಯ ಕೊಡುತ್ತಾರೆ. ನೀವೇ ಅಕ್ಕಸಾಲಿಗರ ಹತ್ತಿರ ಒರೆ ಹಚ್ಚಿಸಿ ನಂಬುತ್ತೀರಿ. ಎರಡನೆಯ ಸಲ ಹಣದ ಚೀಲ ಹಿಡಿದು ಬಂದಾಗ ಕೈಗೆ ಬರುವುದು ಹಿತ್ತಾಳೆ. ಮಗಳ ಮದುವೆಗೆ ಕೂಡಿಟ್ಟದ್ದನ್ನೂ, ಸಾಲ ತಂದದ್ದನ್ನೂ ಜನ ಹೀಗೆ ಕಳೆದುಕೊಂಡಿದ್ದಾರೆ. ಗುಟ್ಟು, ಅವಸರ, ಅಗ್ಗದ ಬೆಲೆ ಈ ಮೂರೂ ಒಟ್ಟಿಗೆ ಬಂದರೆ 112ಕ್ಕೆ ತಿಳಿಸಿ. ಊರಿನವರಿಗೂ ಒಂದು ಮಾತು: ಇಂಥ ವ್ಯವಹಾರ ಕಿವಿಗೆ ಬಿದ್ದಾಗ ನಮಗೇಕೆ ಎಂದು ಸುಮ್ಮನಿರಬೇಡಿ, ಕೆಡುವುದು ನಮ್ಮ ಊರಿನ ಹೆಸರು.

9. ನಿಜಕ್ಕೂ ಮಣ್ಣಿನಲ್ಲಿ ಸಿಕ್ಕರೆ ಮುಚ್ಚಿಡಬೇಡಿ

ಸಿಗುವುದೂ ಉಂಟು. ಚನ್ನಗಿರಿ ಕೆಳದಿ ಅರಸರ ನಾಡು, ಜಗಳೂರು ಚಿತ್ರದುರ್ಗದ ಪಾಳೆಯಗಾರರ ಸೀಮೆ, ಆಮೇಲೆ ಹೈದರ್, ಟಿಪ್ಪು, ಮೈಸೂರು ಒಡೆಯರು. ಟಿಪ್ಪುವಿನ ತಾಮ್ರದ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಬರೆದ ನಾಣ್ಯ ಇವೆಲ್ಲ ಈ ನೆಲದಲ್ಲಿ ಓಡಾಡಿದಂಥವು. ಹೊಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂಬುದು 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ತಹಶೀಲ್ದಾರರ ಬಳಿ ಹೋಗಿ, ಸಿಕ್ಕ ಜಾಗ, ಆಳ, ಮಡಕೆಯ ಚೂರು ಎಲ್ಲವನ್ನೂ ಹೇಳಿ. ಎಲ್ಲಿ ಸಿಕ್ಕಿತು ಎಂಬುದು ಕಳೆದರೆ ಇತಿಹಾಸಕಾರನ ಪಾಲಿಗೆ ಅರ್ಧ ನಾಣ್ಯವೇ ಕಳೆದಂತೆ. ನೂರು ವರ್ಷ ದಾಟಿದ ನಾಣ್ಯವನ್ನು ಅಮೆರಿಕದ ಮಗನಿಗೆ ಉಡುಗೊರೆಯಾಗಿಯೂ ಕಳಿಸುವಂತಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ.

10. ಅಜ್ಜಿಯ ಸರವನ್ನು ಬಿಚ್ಚಬೇಡಿ

ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಫೆಬ್ರುವರಿಯ ಜಯಂತಿಗೆ ಅಲ್ಲಿ ಸೇರುವ ಬಂಜಾರ ಹಿರಿಯ ಹೆಣ್ಣುಮಕ್ಕಳ ಕೊರಳು, ಕುಪ್ಪಸ, ಲಂಗ ನೋಡಿ. ರಾಜರ ಕಾಲದ ಪಾವಲಿ, ಎಂಟಾಣೆ, ರೂಪಾಯಿಗಳು ಅಲ್ಲಿವೆ. ಬ್ಯಾಂಕು ಕಾಣದ ತಾಂಡಾಗಳಲ್ಲಿ ಹೆಂಗಸರ ಉಳಿತಾಯ ಮೈಮೇಲೇ ಇರುತ್ತಿತ್ತು. ಸಂಗ್ರಾಹಕರ ಲೆಕ್ಕದಲ್ಲಿ ತೂತು ಕೊರೆದ, ಕೊಂಡಿ ಬೆಸೆದ ನಾಣ್ಯಕ್ಕೆ ಬೆಲೆ ಕಡಿಮೆ. ಹಾಗೆಂದು ಬೆಳ್ಳಿಯ ದರಕ್ಕೆ ಬಿಚ್ಚಿ ಮಾರಿದರೆ ಸಿಗುವುದು ಒಂದು ತಿಂಗಳ ಖರ್ಚು, ಹೋಗುವುದು ನಾಲ್ಕು ತಲೆಮಾರಿನ ಕಸೂತಿ. ಮಾರಲೇಬೇಕಾದ ಕಷ್ಟ ಬಂದರೆ ಉಡುಪು, ಸರ ಎಲ್ಲವನ್ನೂ ಇಡಿಯಾಗಿ ವಸ್ತುಸಂಗ್ರಹಾಲಯಕ್ಕೆ ಕೇಳಿ ನೋಡಿ.

11. ಚೀಟಿ ಬರೆದಿಡಿ, ಒಮ್ಮೆ ಹೋಗಿ ನೋಡಿ ಬನ್ನಿ

ಯಾರದು, ಯಾರಿಂದ ಬಂತು, ಯಾವ ಊರಿನಲ್ಲಿ ಸಿಕ್ಕಿತು ಎಂದು ಪ್ರತಿ ಲಕೋಟೆಯ ಮೇಲೆ ಬರೆಯಿರಿ. ಅಜ್ಜ ಅಜ್ಜಿ ಇರುವಾಗಲೇ ಕೇಳಿ ಬರೆಯಿರಿ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ, ಅದರ ಸಮೀಪ ಲಕ್ಕಿನಕೊಪ್ಪದ ಬಳಿ ‘ಅಮೂಲ್ಯ ಶೋಧ’ ಸಂಗ್ರಹಾಲಯವಿದೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯದೊಳಗೆ ಹೋಗದೆ ಮರಳಬೇಡಿ. ಓದುವ ಆಸೆಯಿದ್ದವರು ಕರ್ನಾಟಕದ ನಾಣ್ಯಗಳ ಬಗ್ಗೆ ಎ.ವಿ. ನರಸಿಂಹಮೂರ್ತಿಯವರು ಬರೆದದ್ದನ್ನು ಹುಡುಕಿ. ಸಂಗ್ರಹಾಲಯಕ್ಕೆ ಹೋಗುವಾಗ ನಿಮ್ಮ ನಾಣ್ಯಗಳ ಎರಡೂ ಬದಿಯ ಫೋಟೋ ಮೊಬೈಲಿನಲ್ಲಿರಲಿ, ಅಸಲಿ ನಾಣ್ಯಗಳು ಮನೆಯಲ್ಲೇ ಇರಲಿ.